ಹುಬ್ಬಿಲ್ಲದ ಗಂಡು ಬಾತು

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಆ ಬೆಳಗ್ಗೆ ಬಾತುಗಳು ನೀರಿನಿಂದ ಎದ್ದಾಗ ಅವುಗಳ ರೆಕ್ಕೆಯನ್ನು ನಾನೂ ನೋಡಿದೆನೇ, ಅಥವಾ ಪಕ್ಕದಲ್ಲಿದ್ದವನು ಹೇಳಿದ್ದೇ ನನ್ನೊಳಗೆ ಚಿತ್ರವಾಗಿ ಕೂತಿತೇ, ಈಗ ತಿಳಿಯುವುದಿಲ್ಲ. ಅಣೆಕಟ್ಟಿನ ಹಿನ್ನೀರು ಹೊಸದಾಗಿ ಹೊಲಗಳ ಮೇಲೆ ಹರಡಿದ್ದ ಕಾಲ, ಎರಡು ಸಾವಿರದ ಇಸವಿಯ ಆಚೀಚೆ. ದೀಪಾವಳಿ ಹತ್ತಿರವಿತ್ತು.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಸಿಂದಗಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಮನೆ ಬಸವನ ಬಾಗೇವಾಡಿಯಲ್ಲಿ. ತಂಗಿಯನ್ನು ನೋಡಲು ಇಂಡಿಯಿಂದ ಒಬ್ಬ ಹೈಸ್ಕೂಲು ಮಾಸ್ತರ ಬಂದಿದ್ದ. ಯಾರೂ ಕೇಳದಿದ್ದರೂ, ತನಗೆ ಹಕ್ಕಿ ನೋಡುವ ಹುಚ್ಚಿದೆ ಎಂದ. ನನಗೆ ಅಲ್ಲೇ ಸಂಶಯ. ಹುಡುಗಿಯ ಅಣ್ಣನಿಗೆ ಏನು ಇಷ್ಟವೆಂದು ಮೊದಲೇ ವಿಚಾರಿಸಿಕೊಂಡು ಬಂದಿರಬೇಕು ಅನ್ನಿಸಿತು. ತಂಗಿಗೆ ಅವನು ಹಿಡಿಸಿದ್ದ. ಅಪ್ಪ ಮಾತ್ರ ನನ್ನನ್ನು ಪಡಸಾಲೆಗೆ ಕರೆದರು.

“ನೌಕರಿ ಐತಿ, ಮನಿತನ ಚೊಲೊ ಐತಿ. ಖರೆ ಮಾತಾಡೋ ಮನಿಶ್ಯಾ ಹೌದೋ ಅಲ್ಲೋ, ಅದನ್ನಷ್ಟ ನೋಡ್ಕೊಂಡ ಬಾ. ನೀ ಹೂಂ ಅಂದ್ರ ಮುಂದಿನ ಮಾತು.”

ನಮ್ಮ ಕಡೆ ವರನ ವಿಚಾರಣೆ ಅವನ ಓಣಿಯ ಚಹಾದಂಗಡಿಯಲ್ಲಿ ಗುಟ್ಟಾಗಿ ನಡೆಯುತ್ತದೆ. ನಾನು ವರನನ್ನೇ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಮುದ್ದೇಬಿಹಾಳದ ಕಡೆಯ ಹಿನ್ನೀರಿಗೆ ಹೋದೆ.

ಅಲ್ಲಿ ಚಳಿಗಾಲಕ್ಕೆ ಉತ್ತರದಿಂದ ಬರುವ ಎರಡು ಜಾತಿಯ ಬಾತುಗಳು ಬೆರೆತು, ತಲೆ ಮುಳುಗಿಸಿ ಬಾಲ ಎತ್ತಿ ಮೇಯುತ್ತಿದ್ದವು: ಟೀಲ್ ಮತ್ತು ಗಾರ್ಗನಿ. ಹೆಣ್ಣುಗಳು ಎರಡರಲ್ಲೂ ಕಂದು, ಎರಡೂ ಕುಳ್ಳ. ಪುಸ್ತಕ ಓದಿದವರೂ ಎಡವುವ ಜಾಗ. ಬೇಕೆಂದೇ ದುರ್ಬೀನು ಅವನ ಕೈಗೆ ಕೊಟ್ಟೆ.

“ಯಾವು ಯಾವ ಅದಾವ ಹೇಳ್ರಿ ನೋಡೂಣು.”

“ಜೇಕಿನ ಹುಲ್ಲಿನ ಬಾಜೂಕ ಇರೂವು ಗಾರ್ಗನಿ, ಸರ್ರ. ಮುಖದಾಗ ಪಟ್ಟಿ ಎದ್ದ ಕಾಣ್ತಾವ. ಈ ಕಡೆಯವು ಟೀಲ್. ಮುಖ ಸಾದಾ, ಬಾಲದ ಬುಡಕ್ಕ ಒಂದ ತೆಳ್ಳನ ಗೀಟು.”

ಸರಿಯಾಗಿತ್ತು. ರಾತ್ರಿ ಕೂತು ಬಾಯಿಪಾಠ ಮಾಡಿರಬಹುದು ಎಂದುಕೊಂಡೆ. ಅಷ್ಟರಲ್ಲಿ ಅವನು ಒಂದು ಗಾರ್ಗನಿಯತ್ತ ಬೆರಳು ಮಾಡಿ, “ಅದು ಗಂಡೈತ್ರಿ,” ಎಂದ.

ಸಿಕ್ಕಿಬಿದ್ದ! ಗಂಡು ಗಾರ್ಗನಿಗೆ ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬಿರುತ್ತದೆ. ನನ್ನ ಪುಸ್ತಕದ ಚಿತ್ರದಲ್ಲಿ ಹಾಗೇ ಇತ್ತು. ಇದಕ್ಕೆ ಹುಬ್ಬೇ ಇರಲಿಲ್ಲ, ಪಕ್ಕದ ಹೆಣ್ಣಿನ ಹಾಗೆಯೇ ಇತ್ತು.

“ಹುಬ್ಬು ಎಲ್ಲೈತ್ರಿ ಮಾಸ್ತರ? ಬೋಳಿಸ್ಕೊಂಡ ಬಂದೈತೇನು?”

“ಈ ದಿನಮಾನದಾಗ ಗಂಡಿಗೂ ಹುಬ್ಬು ಇರೂದಿಲ್ರಿ. ಈಗ ರೆಕ್ಕಿ ಕೊಡವಿದಾಗ ನಾ ಕಂಡೇನಿ. ಹಾರಿದಾಗ ನೀವೂ ರೆಕ್ಕಿ ನೋಡ್ರಿ, ತಿಳೀತೈತಿ.”

“ಅದು ಹೆಣ್ಣು.”

“ಅಲ್ರಿ ಸರ್ರ.”

ಎಮ್ಮೆಗಳು ನೀರಿಗೆ ಇಳಿದವು. ಹಿಂಡು ಒಮ್ಮೆಲೇ ಎದ್ದಿತು. ಬಿಸಿಲು ನನ್ನ ಕಣ್ಣಿಗೆ ನೇರ ಹೊಡೆಯುತ್ತಿತ್ತು, ದುರ್ಬೀನು ಅವನ ಬಳಿಯಿತ್ತು.

“ನೀಲಿ! ರೆಕ್ಕಿ ಮುಂದ ತಿಳಿ ನೀಲಿ! ಕಂಡ್ತಲ್ರಿ?”

ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಈಗ ಕಣ್ಣು ಮುಚ್ಚಿದರೆ ಬೂದಿ ಬೆರೆತ ಒಂದು ನೀಲಿ ಕಾಣುತ್ತದೆ. ಆದರೆ ಅದು ಅಚ್ಚಾದ ಚಿತ್ರದಷ್ಟು ಸ್ಪಷ್ಟವಾಗಿದೆ, ಆದ್ದರಿಂದಲೇ ಅದನ್ನು ನಂಬಲಾರೆ.

ಮನೆಗೆ ಬಂದು ಅಪ್ಪನಿಗೆ ಇದ್ದದ್ದನ್ನೇ ಹೇಳಿದೆ: ಹೆಣ್ಣು ಬಾತನ್ನು ಗಂಡು ಎಂದು ಸಾಧಿಸಿದ, ಸುಳ್ಳೋ ತಪ್ಪೋ ಗೊತ್ತಿಲ್ಲ. ಅಪ್ಪ ಮುಖ ಗಂಟಿಕ್ಕಿದರು. ಅಡುಗೆಮನೆಯಿಂದ ತಂಗಿ ಹಿಟ್ಟಿನ ಕೈಯಲ್ಲೇ ಬಂದಳು.

“ಅಣ್ಣಾ, ನೀ ತಪ್ಪ ಅಂದಾಗ ಅವರು ಹೌದ್ರಿ ಅಂದ್ರೇನು?”

“ಇಲ್ಲ. ಮತ್ತ ಅಲ್ರಿ ಅಂತಾನ.”

“ಸಿಟ್ಟಾದ್ರೇನು?”

“ಇಲ್ಲ.”

“ನಿನ್ನ ಮೆಚ್ಚಸಾಕ ಬಂದಾಂವ ಆಗಿದ್ರ ಅಲ್ಲೇ ಹೌದ್ರಿ ಅಂದು ಮುಗಿಸ್ತಿದ್ದ. ಅಪ್ಪಾ, ನಾ ಹೂಂ ಅಂದೇನಿ. ಅಣ್ಣನ ಪರೀಕ್ಷಾದಾಗ ಬಾತುಕೋಳಿ ಪಾಸಾಗೂತನಕಾ ನಾ ಕುಂದ್ರಾಕ ಒಲ್ಲೆ.”

ಅಪ್ಪ ಜೋರಾಗಿ ನಕ್ಕರು. ಸಂಬಂಧ ಅಲ್ಲಿಗೆ ಗಟ್ಟಿಯಾಯಿತು. ನಾನು ನಗಲಿಲ್ಲ, ಒಪ್ಪದೇ ನಿಲ್ಲುವುದೂ ಜಾಣರ ಒಂದು ವರಸೆಯೇ ಇರಬಹುದಲ್ಲ?

ಮದುವೆಯಾದ ಮೇಲೆ ಧಾರವಾಡಕ್ಕೆ ಹೋದಾಗ ಗ್ರಂಥಾಲಯದಲ್ಲಿ ಕೂತು ಹುಡುಕಿದೆ. ಆ ದಿನ ಎದ್ದ ಹಿಂಡಿನಲ್ಲಿ ಏನಿತ್ತೆಂದು ಯಾವ ಪುಸ್ತಕವೂ ಹೇಳಲಾರದು. ಇಷ್ಟು ಮಾತ್ರ ಒಂದಲ್ಲ, ಎರಡು ಪುಸ್ತಕದಲ್ಲಿ ನೋಡಿ ಖಾತ್ರಿ ಮಾಡಿಕೊಂಡೆ: ಸಂತಾನದ ಕಾಲ ಮುಗಿದ ಮೇಲೆ ಗಂಡು ಗಾರ್ಗನಿ ತನ್ನ ಬಿಳಿ ಹುಬ್ಬನ್ನು ಕಳೆದುಕೊಂಡು ದೀಪಾವಳಿ ದಾಟುವವರೆಗೂ ಹೆಣ್ಣಿನಂತೆಯೇ ಕಂದಾಗಿರುತ್ತದೆ, ಹೆಣ್ಣಿಗಿಲ್ಲದ, ರೆಕ್ಕೆಯ ಮುಂಭಾಗದ ಬೂದುನೀಲಿ ಮಾತ್ರ ಹಾಗೆಯೇ ಉಳಿಯುತ್ತದೆ.