ರೈಲಿನಲ್ಲಿ ಬಂದ ಪೆಟ್ಟಿಗೆ

ಇದನ್ನು ಹೇಳುವುದನ್ನು ನಾನು ಇಷ್ಟು ವರ್ಷ ಮುಂದೂಡಿಕೊಂಡೇ ಬಂದೆ. ಬರೆಯಬೇಕೆಂದು ಕೂತಾಗಲೆಲ್ಲ ಒಂದಲ್ಲ ಒಂದು ನೆಪ ಸಿಗುತ್ತಿತ್ತು: ಕನ್ನಡಕ ಒರೆಸಬೇಕು, ಕಾಫಿ ಆರಿಹೋಗುತ್ತದೆ, ಬಾಗಿಲಲ್ಲಿ ಯಾರೋ ಕರೆದ ಹಾಗಾಯಿತು. ಹಾಳೆಯ ತಲೆಯಲ್ಲಿ ತಾರೀಖು ಬರೆದು, ಅದರ ಕೆಳಗೆ ನೆಟ್ಟಗೆ ಒಂದು ಗೆರೆ ಎಳೆದು, ಅಷ್ಟಕ್ಕೇ ದೊಡ್ಡ ಕೆಲಸ ಮಾಡಿದವನಂತೆ ಎದ್ದುಹೋಗಿದ್ದೇನೆ. ಇವತ್ತು ಏಳಬಾರದೆಂದು ಕಾಫಿಯನ್ನು ಮೊದಲೇ ಕುಡಿದು ಕೂತಿದ್ದೇನೆ. ನೀವು ಎದುರಿಗೆ ಕೂತಿದ್ದೀರಿ ಅಂದುಕೊಳ್ಳುತ್ತೇನೆ. ಎದುರಿಗೆ ಯಾರಾದರೂ ಇದ್ದರೆ ಮಧ್ಯದಲ್ಲಿ ಎದ್ದುಹೋಗುವುದು ಮರ್ಯಾದೆಯಲ್ಲ.

ಕಡೂರಿನ ಸ್ಟೇಷನ್ ಕಡೆಯ ರಸ್ತೆಯಲ್ಲಿ ನನ್ನದೊಂದು ಲೇತು ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಗುಮಾಸ್ತನ ಕೆಲಸ ಸಿಗದೆ, ಮರ ಕಡೆಯುವುದನ್ನು ಕಲಿತವನು ನಾನು. ಮಂಚದ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ, ಕಡಗೋಲು, ಬುಗುರಿ, ಹೀಗೆ ಕಡೆಯುವ ಕೆಲಸಕ್ಕೆ ಕಡೆಯೆಂಬುದೇ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನನ್ನ ಹೆಂಡತಿಯ ತಮ್ಮ ಆಗ ನಮ್ಮ ಮನೆಯಲ್ಲೇ ಇದ್ದುಕೊಂಡು ನನ್ನ ಜೊತೆ ಲೇತಿನಲ್ಲಿ ಕೆಲಸ ಮಾಡುತ್ತಿದ್ದ. ಇಪ್ಪತ್ತೈದರ ಹತ್ತಿರದ ವಯಸ್ಸು, ತೆಳ್ಳನೆಯ ಮೈ, ಯಾವ ಮರವನ್ನು ಕೈಗೆತ್ತಿಕೊಂಡರೂ ಮೊದಲು ಮೂಸಿ ನೋಡುವ ಅಭ್ಯಾಸ.

ಒಂದು ಸಲ ತರೀಕೆರೆಯ ಅಕ್ಕಿ ಮಿಲ್ಲೊಂದಕ್ಕೆ ಹೊಸ ಯಂತ್ರ ಬಂದಿತ್ತು. ಅದು ರೈಲಿನಲ್ಲಿ ಬಂದದ್ದು ಆಳೆತ್ತರದ ಹಲಗೆ ಪೆಟ್ಟಿಗೆಯಲ್ಲಿ. ಮಿಲ್ಲಿಗೆ ಮರದ ಹಿಡಿಗಳನ್ನು ಕೊಡಲು ಹೋಗಿದ್ದ ನಮ್ಮಿಬ್ಬರಿಗೆ ಮಾಲೀಕರು, "ಸೌದೆಗಾದ್ರೂ ಆಯ್ತದೆ, ತಗೊಂಡ್ಹೋಗ್ರಪ್ಪಾ" ಎಂದರು. ಇಬ್ಬರೂ ಕೂತು ಮೊಳೆ ಕಿತ್ತೆವು. ಹಲಗೆಗಳನ್ನು ಹಗ್ಗದಲ್ಲಿ ಬಿಗಿದು, ಅವನೊಂದು ತುದಿ ನಾನೊಂದು ತುದಿ ಹಿಡಿದು, ಬೀರೂರಿನಲ್ಲಿ ಗಾಡಿ ಬದಲಿಸಿ, ಪ್ಯಾಸೆಂಜರಿನಲ್ಲಿ ಕಡೂರಿಗೆ ತಂದೆವು. ದಾರಿಯುದ್ದಕ್ಕೂ ಡಬ್ಬಿಯೆಲ್ಲ ರಾಳದ ವಾಸನೆ. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಇದೆಲ್ಲ ಚೆನ್ನಾಗಿ ನೆನಪಿದೆ. ಆಗಲೂ ನೆನಪಿತ್ತು.

ಆ ಮರಕ್ಕೆ ಪೈನ್ ಎಂದು ಹೆಸರೆಂಬುದು ಎಷ್ಟೋ ದಿನ ನಮಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಮರ ಎನ್ನುತ್ತಿದ್ದೆವು. ಲೇತಿಗೆ ಅದು ಒಗ್ಗುವ ಮರವಲ್ಲ. ಒಂದು ಗೆರೆ ಮೆತ್ತಗೆ, ಪಕ್ಕದ ಗೆರೆ ಗಟ್ಟಿ. ಉಳಿ ಒತ್ತಿದರೆ ಮೆತ್ತಗಿನದು ಹಳ್ಳ ಬೀಳುತ್ತದೆ, ಗಟ್ಟಿಯದು ಸಿಬಿರೇಳುತ್ತದೆ. ಅಂಥ ಮರದಲ್ಲಿ ಅವನು ಪೆನ್ನು ಕಡೆಯಲು ಹೊರಟ. ಬೆರಳು ಗಾತ್ರದ ತುಂಡು, ಒಳಗೆ ರೀಫಿಲ್ ಕೂರುವಷ್ಟು ತೂತು, ತುದಿಗೊಂದು ಬಿರಡೆ. ನಾನೂ ಕಡೆದೆ. ನನ್ನವು ಸಾಲಾಗಿ ಸೀಳಿದವು.

"ಭಾವ, ನೀವು ಮೈ ಕಡೆದು ಆಮೇಲೆ ತೂತು ಹೊಡೀತೀರ. ಅದಕ್ಕೇ ಸೀಳ್ತದೆ. ಮೊದ್ಲು ತೂತು ಹೊಡೀರಿ, ಅದರ ಸುತ್ತ ಮೈ ಕಡೀರಿ."

"ಲೇ, ನೀನು ಚಡ್ಡಿ ಹಾಕ್ಕೊಂಡಿದ್ದಾಗಿಂದ ನಾನು ಲೇತು ತಿರುಗಿಸ್ತಿದೀನಿ ಕಣೋ."

"ತಿರುಗ್ಸೋದು ಕರೆಂಟು ಭಾವ, ನಾವಲ್ಲ."

ಲಟ್ಟಣಿಗೆ ಕೊಳ್ಳಲು ಸಖರಾಯಪಟ್ಟಣದಿಂದ ಬಂದಿದ್ದ ಹೆಂಗಸೊಬ್ಬರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಿಮ್ ಬಾಮೈದ ನಿಮಗಿಂತ ಚೂಟಿ ಕಣ್ರೀ" ಎಂದರು. ನಾನೂ ನಕ್ಕೆ. ನಗುವಾಗ ಹಲ್ಲು ಕಚ್ಚಿಕೊಳ್ಳುವುದು ಎಷ್ಟು ಸುಲಭ ಎಂದು ನನಗೆ ಗೊತ್ತಾದದ್ದು ಆವತ್ತು. ಆಮೇಲೆ ಒಬ್ಬನೇ ಇದ್ದಾಗ ಅವನು ಹೇಳಿದಂತೆಯೇ ಮಾಡಿ ನೋಡಿದೆ, ಪೆನ್ನು ಸೀಳಲಿಲ್ಲ. ಅದನ್ನು ಒಲೆಗೆ ಹಾಕಿದೆ.

ಅವನ ಪೆನ್ನುಗಳು ನಿಜಕ್ಕೂ ಚೆನ್ನಾಗಿದ್ದವು. ತಿರುಗುವ ಮರಕ್ಕೆ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿದರೆ ಆ ಬಡ ಹಲಗೆಯ ಗೆರೆಗಳೆಲ್ಲ ಜೇನುತುಪ್ಪದ ಬಣ್ಣಕ್ಕೆ ತಿರುಗಿ ಮಿನುಗುತ್ತಿದ್ದವು. ಲೇತು ನನ್ನದು, ಅಂಗಡಿ ನನ್ನದು, ಬಂದವರು ಕೇಳುತ್ತಿದ್ದದ್ದು ಮಾತ್ರ ಅವನ ಪೆನ್ನನ್ನು, ಅವನ ಹೆಸರು ಹಿಡಿದು. ಅಜ್ಜಂಪುರದ ಕಡೆಯ ಶಾಲೆಯೊಂದರ ಮೇಷ್ಟರು ಹತ್ತನೆಯ ತರಗತಿಯ ಮಕ್ಕಳಿಗೆಲ್ಲ ಒಂದೊಂದು ಬೇಕೆಂದು ಹೇಳಿ ಹೋದರು. ಪರೀಕ್ಷೆಗೆ ಮುಂಚೆ ಸರಸ್ವತಿಯ ಪಟದ ಮುಂದಿಟ್ಟು ಪೂಜೆ ಮಾಡಿ ಕೊಡುವುದಂತೆ. ಅವನು ಆ ವಾರವೆಲ್ಲ ಸ್ನಾನ ಮಾಡಿಕೊಂಡೇ ಲೇತಿನ ಮುಂದೆ ನಿಲ್ಲುತ್ತಿದ್ದ.

ಇಲ್ಲಿ ಇನ್ನೊಂದು ಪೆಟ್ಟಿಗೆಯ ವಿಷಯ ಹೇಳಬೇಕು. ಅದಕ್ಕೆ ಎರಡು ವರ್ಷ ಮೊದಲು, ಉತ್ತರದಲ್ಲೆಲ್ಲೋ ಕೆಲಸಕ್ಕಿದ್ದು ಅಲ್ಲೇ ತೀರಿಕೊಂಡ ಎಮ್ಮೆದೊಡ್ಡಿ ಕಡೆಯವನೊಬ್ಬನ ದೇಹ ರೈಲಿನಲ್ಲಿ ಕಡೂರಿಗೆ ಬಂದಿತ್ತು, ಇದೇ ಬಿಳಿ ಮರದ ಪೆಟ್ಟಿಗೆಯಲ್ಲಿ. ಮನೆಯವರು ದೇಹ ಒಯ್ದರು; ಪೆಟ್ಟಿಗೆ ಗೂಡ್ಸ್ ಶೆಡ್ಡಿನ ಪಕ್ಕದಲ್ಲಿ ಉಳಿಯಿತು. ಮುಟ್ಟುವವರಿಲ್ಲ. ಜನ ಅದನ್ನು ಮುಟ್ಟದೆ ಸುತ್ತುಬಳಸಿ ಓಡಾಡುತ್ತಿದ್ದರು. ಒಂದು ದಿನ ಅದು ಅಲ್ಲಿರಲಿಲ್ಲ. ಎಲ್ಲಿಗೆ ಹೋಯಿತೋ ಯಾರೂ ವಿಚಾರಿಸಲಿಲ್ಲ. ಆದರೆ ನಮ್ಮೂರಿನಲ್ಲಿ ಅಲ್ಲಿಂದಾಚೆಗೆ 'ರೈಲಲ್ಲಿ ಬಂದ ಪೆಟ್ಟಿಗೆ' ಎಂದರೆ ಅದೊಂದೇ ಅರ್ಥ. ಹಟ ಮಾಡುವ ಮಕ್ಕಳನ್ನು ಹೆದರಿಸುವುದಕ್ಕೂ ಅದೇ ಮಾತು.

ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ತೆಂಗಿನಕಾಯಿ ವ್ಯಾಪಾರದ ಗೆಳೆಯರೊಬ್ಬರು ಶುರುಮಾಡಿದರು.

"ಏನಪ್ಪಾ, ನಿನ್ ಬಾಮೈದನ ಪೆನ್ನು ಅಜ್ಜಂಪುರದ ಗಂಟ ಹೋಯ್ತಂತೆ! ನಿನ್ ಲಟ್ಟಣಿಗೆ ಎಲ್ಲಿ ಗಂಟ ಹೋಯ್ತೋ?"

"ಇವನ ಬೆನ್ನಿನ ಗಂಟ!" ಎಂದ ಪಕ್ಕದ ಬೆಂಚಿನವನು. ಹೋಟೆಲೇ ನಕ್ಕಿತು.

"ಅಲ್ಲಾ, ಅದ್ಯಾವ ಮರ ಅದು? ನಮ್ ಸೀಮೇದಲ್ಲ."

"ರೈಲಲ್ಲಿ ಬಂದ ಪೆಟ್ಟಿಗೆ ಕಣ್ರೀ" ಎಂದೆ.

ನಗು ನಿಂತಿತು. "ಯಾವ ಪೆಟ್ಟಿಗೇನೋ?"

"ನನ್ನೇನ್ ಕೇಳ್ತೀರಿ, ಅವನ್ನೇ ಕೇಳಿ" ಎಂದು ಲೋಟ ಎತ್ತಿದೆ.

ನಾನು ಆಡಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಪೆಟ್ಟಿಗೆ, ರೈಲು, ಎರಡೂ ನಿಜ. ಎಷ್ಟೋ ವರ್ಷ ಈ ಸಮಾಧಾನವನ್ನು ಹೊದ್ದುಕೊಂಡು ಮಲಗಿದ್ದೇನೆ. ಆದರೆ ಗೆಳೆಯರೇ, ಕೇಳುವವರು ಯಾವ ಅರ್ಥ ಮಾಡಿಕೊಳ್ಳುತ್ತಾರೆಂದು ಗೊತ್ತಿದ್ದೂ ಆಡಿದ ನಿಜಕ್ಕೆ ಏನೆಂದು ಹೆಸರಿಡುವುದು? ನಾನು ಓದಿದಷ್ಟರಲ್ಲಿ ಸುಳ್ಳು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಹೆಸರು ಸಿಕ್ಕಲಿಲ್ಲ.

ಹದಿನೈದು ದಿನಕ್ಕೆ ಅಜ್ಜಂಪುರದ ಮೇಷ್ಟರು ಚೀಲದ ಸಮೇತ ಬಂದರು. ಪೆನ್ನುಗಳನ್ನು ಮಣೆಯ ಮೇಲೆ ಇಟ್ಟು, ಬಹಳ ಸಂಕೋಚದಿಂದ, "ತಪ್ಪು ತಿಳೀಬೇಡಪ್ಪ. ಮಕ್ಕಳ ಮನೆಯವರು ಒಪ್ತಿಲ್ಲ. ಹೆಣ ತಂದ ಪೆಟ್ಟಿಗೆ ಮರವಂತೆ, ದೇವರ ಮುಂದೆ ಹೇಗಿಡೋದು ಅಂತಾರೆ. ಯಾರೋ ನಿಮ್ಮೂರಿನವರೇ ಹೇಳಿದ್ರಂತೆ" ಎಂದರು.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವನ ಮುಖ ಅರಳಿತು. ಹೌದು, ಅರಳಿತು, ಉತ್ತರ ಗೊತ್ತಿರುವ ಪ್ರಶ್ನೆ ಬಂದ ವಿದ್ಯಾರ್ಥಿಯ ಹಾಗೆ. "ಅಯ್ಯೋ ಸಾರ್, ಇದು ತರೀಕೆರೆ ಮಿಲ್ಲಿಂದು! ನಾನೂ ಭಾವನೂ ಹೊತ್ಕೊಂಡು ಬಂದಿದ್ದು. ಹೇಳಿ ಭಾವ."

ಅವನಿಗಿದ್ದ ಸಾಕ್ಷಿ ನಾನೊಬ್ಬನೇ. ಮಿಲ್ಲಿನ ಮಾಲೀಕರು ಮಿಲ್ಲು ಮಾರಿ ಊರು ಬಿಟ್ಟಾಗಿತ್ತು. ಹೌದೆಂದು ಒಂದು ಮಾತು ಹೇಳಿದ್ದರೆ ಮೇಷ್ಟರು ಚೀಲ ಎತ್ತಿಕೊಂಡು ಹೋಗುತ್ತಿದ್ದರು. ಆದರೆ ಹೌದೆಂದರೆ, ಹೋಟೆಲಿನಲ್ಲಿ ಹಾಗೇಕೆ ಅಂದೆ ಎಂಬ ಪ್ರಶ್ನೆ ಬಾಗಿಲಲ್ಲೇ ನಿಂತಿತ್ತು. ಕೈಯಲ್ಲಿದ್ದ, ಮರ ಉಜ್ಜುವ ಉಪ್ಪುಕಾಗದವನ್ನು ಮಡಿಸುತ್ತ, ಬಿಚ್ಚುತ್ತ, "ಯಾವ ಮರ ಎಲ್ಲಿಂದ ಬಂತೋ... ನಂಗೆ ಸರಿಯಾಗಿ ನೆನಪಿಲ್ಲ ಕಣಪ್ಪಾ" ಎಂದೆ.

ಮೇಷ್ಟರು ನಮ್ಮಿಬ್ಬರ ಮುಖವನ್ನೂ ನೋಡಿ ಇಳಿದುಹೋದರು. ಅವನು ಪೆನ್ನುಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದ. ನಾನು ಬೈಗುಳಕ್ಕೆ ಕಾದಿದ್ದೆ. ಅವನು, "ಹೋಗ್ಲಿ ಬಿಡಿ ಭಾವ. ದಿನಾ ಎಷ್ಟು ಮರ ಬತ್ತದೆ, ಎಲ್ಲಾ ನೆನಪಿಟ್ಕೊಳ್ಳೋಕಾಯ್ತದಾ" ಎಂದ. ನನ್ನ ಮರೆವನ್ನು ಅವನು ನಂಬಿಬಿಟ್ಟ.

ಆಮೇಲೆ ಅವನ ಪೆನ್ನು ಯಾರೂ ಮುಟ್ಟಲಿಲ್ಲ. ಅಷ್ಟೇ ಆಗಿದ್ದರೆ ಲಟ್ಟಣಿಗೆ ಕಡೆದುಕೊಂಡು ಇರುತ್ತಿದ್ದನೋ ಏನೋ. ಊರು ಅವನಿಗೆ 'ಪೆಟ್ಟಿಗೆ' ಎಂದು ಹೆಸರಿಟ್ಟಿತು. ಮೊದಲು ಹಿಂದಿನಿಂದ, ಆಮೇಲೆ ಎದುರಿಗೇ: "ಪೆಟ್ಟಿಗೆ ಬಂದ ಕಣ್ರೋ, ದಾರಿ ಬಿಡ್ರೋ!" ಅವನಿಗೆಂದು ಲಿಂಗದಹಳ್ಳಿಯ ಕಡೆ ನೋಡಿ ಬಂದಿದ್ದ ಹೆಣ್ಣಿನ ಮನೆಯವರು ಮಾತು ಮುಗಿಸಲು ಬಂದವರು, ನಮ್ಮ ಮನೆಯ ದಾರಿ ಕೇಳಿದಾಗ ಯಾರೋ "ಆ ಪೆಟ್ಟಿಗೆಯವನ ಮನೆಯಾ?" ಎಂದರಂತೆ. ಅವರು ದಾರಿಯಿಂದಲೇ ವಾಪಸಾದರು. ಆ ಮಧ್ಯಾಹ್ನ ನನ್ನ ಹೆಂಡತಿ ಮಾಡಿಟ್ಟ ಹೋಳಿಗೆಯನ್ನು ನಾವು ಮೂವರೇ ತಿಂದೆವು.

"ನಿಮ್ಗೆ ಒಂಚೂರಾದ್ರೂ ನೆನಪಾಗಲ್ವಾ? ಯೋಚ್ನೆ ಮಾಡ್ರೀ" ಎಂದಳು ಅವಳು.

"ಸುಮ್ನಿರಕ್ಕಾ. ಭಾವಂಗೆ ಮೊದ್ಲಿಂದ್ಲೂ ಮರೆವು" ಎಂದ ಅವನು.

ನನ್ನ ಪರವಾಗಿ ಅವನೇ ವಾದಿಸಿದ. ಮುಂದಿನ ವರ್ಷ ದಾವಣಗೆರೆಗೆ ಹೋಗಿ ಸಾಮಿಲ್ಲು ಸೇರಿದ. ಮದುವೆಯಾಗಲಿಲ್ಲ. ಎಂಬತ್ತರ ದಶಕದಲ್ಲಿ ಒಮ್ಮೆ ಬೀರೂರು ಸ್ಟೇಷನ್ನಿನಲ್ಲಿ ಸಿಕ್ಕಿದ. ನಿಂತಿದ್ದ ಗಾಡಿಯ ಕಿಟಕಿಯಿಂದ ಕೈಯಾಡಿಸಿ ಕರೆದು, "ಭಾವ, ಟಿಕೀಟು ಜೇಬಲ್ಲೇ ಇದೆಯಾ ನೋಡ್ಕೊಳಿ, ಮರ್ತುಬಿಡ್ತೀರ" ಎಂದು ನಕ್ಕ. ಗಾಡಿ ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಹತ್ತು ನಿಮಿಷ ನಾನು ಮಳೆ, ಬೆಳೆ, ಮೊಣಕಾಲು ನೋವಿನ ಮಾತಾಡಿದೆ. ಅದಾದ ಮೇಲೆ ಅವನನ್ನು ಜೀವಂತ ನೋಡಲಿಲ್ಲ.

ಮರ ಎಂಬ ಶಬ್ದದ ಕೊನೆಗೆ ಒಂದು ಎತ್ವ ಕೊಟ್ಟರೆ ಮರೆ ಆಗುತ್ತದೆ. ಜೀವನವೆಲ್ಲ ಮರ ಕಡೆದವನು ನಾನು, ಕಡೆದದ್ದಕ್ಕಿಂತ ಹೆಚ್ಚಾಗಿ ಮರೆವನ್ನು ನಟಿಸಿದೆ. ಒಮ್ಮೆ ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು ಛತ್ರಿ ಮರೆತು ಬಂದೆ, ನೆಂಟರ ಮದುವೆಯ ದಿನ ಮರೆತೆ. ಹೆಂಡತಿ ನನ್ನ ಜೇಬಿಗೆ ಚೀಟಿ ಬರೆದಿಡುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಕೊನೆಯವರೆಗೂ ಅವಳಿಗೆ ತಿಳಿಯಲಿಲ್ಲ.

ಈಗ ಏಕೆ ಬರೆಯುತ್ತಿದ್ದೇನೆಂದು ಹೇಳಿಬಿಡುತ್ತೇನೆ. ಕಳೆದ ತಿಂಗಳು ಮೊಮ್ಮಗಳನ್ನು ಕರೆಯಲು ಬಾಯಿ ತೆರೆದವನಿಗೆ ಅವಳ ಹೆಸರು ಬರಲಿಲ್ಲ. ಇದು ನಟನೆಯಲ್ಲ. ಡಾಕ್ಟರು, ವಯಸ್ಸಾದ ಮೇಲೆ ಹೀಗೆ, ಇನ್ನೂ ಹೆಚ್ಚಾಗಬಹುದು ಎಂದರು. ಮನೆಯವರು, "ಅವರಿಗೆ ಮೊದಲಿಂದಲೂ ಇದ್ದದ್ದೇ" ಎಂದುಕೊಂಡು ಸಮಾಧಾನವಾಗಿದ್ದಾರೆ. ನನಗಿರುವ ಭಯ ಬೇರೆ. ಒಂದು ದಿನ ತರೀಕೆರೆಯ ಮಿಲ್ಲು, ಆ ಹಗ್ಗ, ಆ ರಾಳದ ವಾಸನೆ ಎಲ್ಲವೂ ನಿಜವಾಗಿಯೇ ಅಳಿಸಿಹೋಗಿ, ಯಾರಾದರೂ ಕೇಳಿದರೆ ನೆನಪಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಅಷ್ಟು ಸುಲಭವಾಗಿ ನಾನು ಬಿಡುಗಡೆಯಾಗಬಾರದು.

ಆದ್ದರಿಂದ ಸಾಕ್ಷಿ ಹೇಳುತ್ತಿದ್ದೇನೆ. ಆ ಮರ ತರೀಕೆರೆಯ ಅಕ್ಕಿ ಮಿಲ್ಲಿನದು. ಹಲಗೆಯ ಒಂದು ತುದಿಯನ್ನು ಹಿಡಿದಿದ್ದವನು ನಾನು. ಇನ್ನೊಂದು ತುದಿಯನ್ನು ಹಿಡಿದಿದ್ದವನು 'ಪೆಟ್ಟಿಗೆ' ಅಲ್ಲ. ಅವನ ಹೆಸರು ರೇವಣಸಿದ್ದಪ್ಪ.