ಹೂವಮ್ಮನ ಹೆಸರು

ಕೊರೊನಾ ಕಳೆದ ಎರಡನೇ ವರ್ಷ, ಕಾಫಿ ಕೊಯ್ಲು ಮುಗಿದ ದಿನಗಳು. ನಾನು ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸ. ಮೊದಲನೆಯವರ ಮುಂದೆ ಮಾಡಿದ ಕೆಲಸ ಪೂರ್ತಿ ಬರೆದು, ಉಳಿದವರಿಗೆಲ್ಲ ಮೇಲಿನಂತೆಯೇ ಎಂದು ‘ಡಿಟ್ಟೊ’ ಹಾಕಿ ಏಳುವವನು ನಾನು. ಯಾವುದನ್ನೂ ಒಂದೇ ಏಟಿಗೆ ಮುಗಿಸುತ್ತೇನೆ ಎಂಬ ಜಂಬ ಬೇರೆ ಇತ್ತು.

ನನ್ನ ಹತ್ತಿರ ಒಂದು ವಿಡಿಯೊ ಕ್ಯಾಮೆರಾ ಇದ್ದುದರಿಂದ ತೋಟದಲ್ಲಿ ಯಾರ ಮನೆಯ ಕಾರ್ಯವಾದರೂ ನನಗೆ ಕರೆ ಬರುತ್ತಿತ್ತು. ಮೇಸ್ತ್ರಿ ಈರಯ್ಯನ ಮಗಳು ಸವಿತಾಳ ಮದುವೆಯನ್ನೂ ನಾನೇ ತೆಗೆದಿದ್ದೆ. ಅಲ್ಲಿ ಗಂಡು ಹೆಣ್ಣು ಹೆಸರು ಹೇಳುವ ಶಾಸ್ತ್ರವಾದ ಮೇಲೆ ಹೆಂಗಸರೆಲ್ಲ ಈರಯ್ಯನನ್ನು ಹಿಡಿದುಕೊಂಡರು. “ಮೇಸ್ತ್ರಿಗಳೇ, ನೀವೂ ಹೇಳ್ಬೇಕು. ಹೇಳದಿದ್ರೆ ಊಟಕ್ಕೆ ಬಿಡಲ್ಲ!” ಈರಯ್ಯ ಹೆಂಡತಿಯನ್ನು ಕರೆಯುತ್ತಿದ್ದುದು “ಇವ್ಳೇ” ಎಂದಷ್ಟೇ. ಅವತ್ತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಆಮೇಲೆ ತೆಗೆದು, “ಹೂವಮ್ಮ. ನಮ್ಮ ಹೂವಮ್ಮ” ಎಂದ. ಹೂವಮ್ಮ ನಾಚಿ ಒಳಗೆ ಓಡಿಹೋದಳು.

ಮದುವೆಯಾದ ಮರುವರ್ಷ ಕೊಯ್ಲಿನ ಕೊನೆಯಲ್ಲಿ ಈರಯ್ಯನಿಗೆ ಎದೆನೋವು ಬಂತು. ಜೀಪು ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಹದಿನೈದು ದಿನ ಕಳೆದು ಹೂವಮ್ಮ ಆಫೀಸಿನ ಬಾಗಿಲಿಗೆ ಬಂದಳು. “ರೈಟ್ರೇ, ಅವ್ರು ನನ್ನ ಹೆಸ್ರು ಹೇಳಿದ್ದು ನಿಮ್ಮ ಹತ್ರ ಇದೆ ಅಲ್ವಾ? ಅದನ್ನ ಸಿಡಿ ಮಾಡ್ಕೊಡಿ. ತಿಂಗಳ ತಿಥಿಗೆ ಸವಿತಾ ಬರ್ತಾಳೆ.”

“ಮೊಬೈಲಿಗೇ ಹಾಕ್ಕೊಡ್ತೀನಲ್ಲ ಹೂವಮ್ಮ?”

“ನಂದು ಬಟನ್ ಫೋನು. ಮನೇಲಿ ಟೀವಿಗೆ ಪ್ಲೇಯರ್ ಇದೆ.”

ನಮ್ಮ ಎಸ್ಟೇಟಿನ ಸಾಹುಕಾರರಿಗೂ, ಕೊಯ್ಲಿಗೆ ಮೊದಲು ನಾನೇ ತೆಗೆದಿದ್ದ ಮೊಮ್ಮಗನ ಹುಟ್ಟುಹಬ್ಬದ ಡಿವಿಡಿ ಬೇಕಿತ್ತು. ನನ್ನ ಕ್ಯಾಮೆರಾದ ದೊಡ್ಡ ದೊಡ್ಡ ಫೈಲುಗಳು ಹಾಗೇ ಪ್ಲೇಯರಿನಲ್ಲಿ ಓಡುವುದಿಲ್ಲ, ಅದಕ್ಕೆ ಒಗ್ಗುವ ನಮೂನೆಗೆ ಬದಲಾಯಿಸಬೇಕು. ಒಂದೊಂದಾಗಿ ಯಾರು ಮಾಡುತ್ತಾರೆ? ಮದುವೆ, ಹುಟ್ಟುಹಬ್ಬ ಎರಡನ್ನೂ ಒಟ್ಟಿಗೆ ಸಾಲಿಗೆ ಹಚ್ಚಿದೆ. ಬದಲಾದದ್ದೆಲ್ಲ ಒಂದೇ ಫೋಲ್ಡರಿಗೆ ಬೀಳಲಿ, ಒಂದೇ ಡಿವಿಡಿಗೆ ಹಾಕಿ ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟರಾಯಿತು ಎಂದುಕೊಂಡೆ. ಸಾಹುಕಾರರೂ ಮದುವೆಗೆ ಬಂದಿದ್ದರಲ್ಲ.

ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಏನೋ ಕೇಳಿತು. ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆ ಬರೆಯಲೇ ಎಂದು. ಹಾಜರಿಗೆ ಹೊತ್ತಾಗಿತ್ತು. ಎಲ್ಲದಕ್ಕೂ ಹೌದು ಎನ್ನುವ ‘ಯಸ್ ಟು ಆಲ್’ ಒತ್ತಿ ತೋಟಕ್ಕೆ ಹೋದೆ.

ಮಧ್ಯಾಹ್ನ ಬಂದಾಗ ಕೆಲಸ ಮುಗಿದಿತ್ತು. ಎರಡು ಡಿವಿಡಿ ಬರೆದೆ. ಸಾಹುಕಾರರ ಪ್ರತಿಯನ್ನು ಹಾಕಿ, ಮಗು ಕೇಕ್ ಕತ್ತರಿಸುವುದು ಸರಿಯಾಗಿ ಬಂದಿದೆಯೇ ಎಂದು ಎರಡು ಸಲ ನೋಡಿದೆ. ಹೂವಮ್ಮನದರ ಮೇಲೆ ಮಾರ್ಕರಿನಲ್ಲಿ ‘ಸವಿತಾ ಮದುವೆ’ ಎಂದು ಚೆಂದವಾಗಿ ಬರೆದೆ, ಹಾಕಿ ನೋಡಲಿಲ್ಲ. ಜಾಗ ಸಾಲದೆಂದು ಮೂಲ ಫೈಲುಗಳನ್ನೆಲ್ಲ ಅಳಿಸಿದೆ. ಕ್ಯಾಮೆರಾದ ಕಾರ್ಡನ್ನು ಎಂದೋ ಖಾಲಿ ಮಾಡಿದ್ದೆ.

ತಿಥಿಯ ದಿನ ಊಟವಾದ ಮೇಲೆ ಆಳುಗಳ ಸಾಲುಮನೆಯ ಲೈನಿನವರೆಲ್ಲ ಹೂವಮ್ಮನ ಮನೆಯಲ್ಲಿ ಕೂತರು. ನಾನೇ ಡಿವಿಡಿ ಹಾಕಿದೆ. ಬಲೂನು ಬಂತು. ಕೇಕು ಬಂತು. “ಮುಂದೆ ಇದೆ, ಮುಂದೆ ಇದೆ” ಎನ್ನುತ್ತ ಓಡಿಸಿದೆ. ಮುಂದೆಯೂ ಬಲೂನೇ. ಕಾರ್ಡು ಖಾಲಿ ಮಾಡಿದ ಪ್ರತಿ ಸಲವೂ ಕ್ಯಾಮೆರಾ ಸೊನ್ನೆಯಿಂದಲೇ ನಂಬರು ಕೊಡುತ್ತದೆ, ಮದುವೆಯ ಫೈಲಿಗೂ ಹುಟ್ಟುಹಬ್ಬದ ಫೈಲಿಗೂ ಅದೇ ಹೆಸರು ಎಂಬುದು ನನಗೆ ಹೊಳೆದದ್ದು ಆಗ. ಮದುವೆಯ ಒಂದೊಂದು ಫೈಲಿನ ಮೇಲೂ ಹುಟ್ಟುಹಬ್ಬದ್ದು ಬರೆದುಕೊಂಡು, ಮದುವೆ ಪೂರ್ತಿ ಅಳಿಸಿಹೋಗಿತ್ತು.

ಅಷ್ಟರಲ್ಲಿ ಟೀವಿಯಲ್ಲಿ ಈರಯ್ಯ ಬಂದ. ತಲೆಯ ಮೇಲೆ ಎರಡು ಕುರ್ಚಿ ಹೊತ್ತು ಕೇಕಿನ ಮುಂದೆ ಹಾದುಹೋಗುತ್ತಿದ್ದ. ಹಿಂದಿನಿಂದ ನನ್ನದೇ ದನಿ, “ಏ ಈರಯ್ಯ, ಅಡ್ಡ ಬರ್ಬೇಡ ಮಾರಾಯ! ಆಚೆ ಹೋಗು!” ಅವನು ಕ್ಯಾಮೆರಾ ಕಡೆ ನೋಡಿ, ತಪ್ಪಾಯಿತೆನ್ನುವಂತೆ ನಕ್ಕು, ಸರಿದುಹೋದ.

ನಾನು ತೊದಲುತ್ತ ಎಲ್ಲ ಹೇಳಿದೆ. ಸವಿತಾ ಕೇಳಿದಳು, “ಸಾಹುಕಾರ್ರ ಸಿಡೀನೂ ಹೀಗೇ ನೋಡ್ದೇನೇ ಕೊಟ್ರಾ ರೈಟ್ರೇ?” ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೂವಮ್ಮ ಮಾತ್ರ, “ಅವ್ರು ಬಂದಿದ್ದು... ಅದನ್ನ ಇನ್ನೊಂದ್ಸಲ ಹಾಕಿ” ಎಂದಳು. ಹಾಕಿದೆ. ಮತ್ತೆ ಕೇಳಿದಳು. ಮತ್ತೆ ಹಾಕಿದೆ.

ಮಾರನೇ ದಿನವೇ ಲ್ಯಾಪ್‌ಟಾಪ್ ಹೊತ್ತುಕೊಂಡು, ಅಳಿಸಿದ್ದನ್ನು ವಾಪಸು ತೆಗೆದುಕೊಡುವವರನ್ನು ಹುಡುಕುತ್ತ ಮೂಡಿಗೆರೆಗೆ, ಅಲ್ಲಿಂದ ಚಿಕ್ಕಮಗಳೂರಿಗೆ ಅಲೆದೆ. ಏನೂ ಸಿಗಲಿಲ್ಲ. ಅದನ್ನು ಹೇಳಲು ಹೋದಾಗ ಹೂವಮ್ಮ ಕಾಫಿ ಕೊಟ್ಟಳು.

ಈಗ ಹಾಜರಿ ಪುಸ್ತಕದಲ್ಲಿ ಡಿಟ್ಟೊ ಹಾಕುವುದಿಲ್ಲ, ಪ್ರತಿಯೊಬ್ಬರದ್ದೂ ಪೂರ್ತಿ ಬರೆಯುತ್ತೇನೆ. ಅದರಿಂದ ಹೂವಮ್ಮನಿಗೆ ಏನೂ ಆಗಬೇಕಾದ್ದಿಲ್ಲ, ಗೊತ್ತು. ಸಂಜೆ ಲೈನಿನ ದಾರಿಯಲ್ಲಿ ಹೋಗುವಾಗ ಕೆಲವು ಸಲ ಅವಳ ಮನೆಯಿಂದ ಟೀವಿ ಸದ್ದು ಕೇಳುತ್ತದೆ. ಗಂಡನ ಬಾಯಲ್ಲಿ ತನ್ನ ಹೆಸರು ಕೇಳಬೇಕೆಂದಿದ್ದ ಹೆಂಗಸು, ಅವನನ್ನು ಆಚೆ ಹೋಗು ಎನ್ನುವ ನನ್ನ ದನಿಯನ್ನು ಕೇಳುತ್ತ ಕೂತಿರುತ್ತಾಳೆ.