ಹಾರ್ಡಿಗೆ 'ಲಿ' ಹಚ್ಚಿದ ಅಕ್ಕ

ನಾನು ಚಿಕ್ಕವನಿದ್ದಾಗ ಸಗರ ಹಳ್ಳಿಯ ನಮ್ಮ ಮನೆಗೆ ಇಂಗ್ಲಿಷು ಬಂದದ್ದು ಅಕ್ಕನ ಬಾಯಲ್ಲಿ. ಅಕ್ಕ ಊರ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಳು. ಸಂಜೆ ಅವ್ವ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು, ಅವತ್ತು ಕಲಿತ ಮಾತುಗಳನ್ನೆಲ್ಲ ನಮಗೆ ಹಂಚುತ್ತಿದ್ದಳು. ಅವ್ವನ ಕೈಯಿಂದ ರೊಟ್ಟಿ, ಅಕ್ಕನ ಬಾಯಿಂದ ಇಂಗ್ಲಿಷು, ಎರಡೂ ಬಿಸಿಬಿಸಿ! ನಾನು ಮುಂದೆ ಹೆಚ್ಚು ಶಾಲೆ ಕಲಿಯಲಿಲ್ಲ ಮಕ್ಕಳೇ, ಕುರಿಗಳ ಹಿಂದೆ ಹೋದೆ. ಆದರೆ ಆ ಒಲೆಯ ಮುಂದೆ ಕಲಿತದ್ದು ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ.

ಒಂದು ಸಂಜೆ ಅಕ್ಕ 'ಲಿ' ಎಂಬ ಹೊಸ ಸಾಮಾನು ತಂದಳು.

"ಇದು ಬಾಲ ಇದ್ದಂಗ. ಮಾತಿನ ಹಿಂದ ಹಚ್ಚಿದ್ರ, ಕೆಲಸ ಹ್ಯಾಂಗ ಆಯ್ತು ಅಂತ ಹೇಳತದ. ಸ್ಲೋಗೆ ಹಚ್ಚಿದ್ರ ಸ್ಲೋಲಿ, ಅಂದ್ರ ಹಗೂರಕ. ಕ್ವಿಕ್‌ಗೆ ಹಚ್ಚಿದ್ರ ಕ್ವಿಕ್ಲಿ, ಅಂದ್ರ ಲಗೂನ. ಡೇ ಅಂದ್ರ ದಿನ, ಡೈಲಿ ಅಂದ್ರ ದಿನಾಲು."

ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕಿವಿ ಬಹಳ ಚುರುಕು. ರೊಟ್ಟಿ ಮುರಿಯುತ್ತಾ ಹೇಳಿದ: "ಹಂಗಾರ ಇದು ನಮ್ಮ 'ಲಿ'ನ ಬಿಡವ್ವ. ಮಳಿ ಬರಲಿ, ಬೆಳಿ ಆಗಲಿ ಅಂತೀವಲ್ಲ, ಹಂಗ. ಸ್ಲೋಲಿ ಅಂದ್ರ ಸ್ಲೋ ಆಗಲಿ. ಹರಕಿ ಮಾತು."

"ಅಲ್ಲಪ್ಪೋ!" ಎಂದು ಅಕ್ಕ ಹಣೆ ಬಡಿದುಕೊಂಡಳು.

"ಇದ್ದರ ಇರಲೇಳ," ಅಂದಳು ಅವ್ವ. "ಇಂಗ್ಲಿಷಿನವರಿಗೂ ಮಳಿ ಬ್ಯಾಡೇನು?"

ಮರುದಿನದಿಂದ ಅಪ್ಪ ಕಂಡಕಂಡದ್ದಕ್ಕೆಲ್ಲ ಬಾಲ ಹಚ್ಚತೊಡಗಿದ. ಎತ್ತುಗಳಿಗೆ "ಸ್ಲೋಲಿ, ಸ್ಲೋಲಿ" ಅಂದ. ಅವ್ವನಿಗೆ "ಚಹಾಲಿ ತಾ" ಅಂದ. ಅವ್ವ ಖಾಲಿ ಲೋಟ ತಂದಿಟ್ಟು "ಹಾಲಿಲ್ಲ, ಬರೀ ಲಿ ಅದ" ಅಂದಳು. ನಾವು ಬಿದ್ದು ಬಿದ್ದು ನಕ್ಕೆವು.

ಅಕ್ಕ ಏಳನೆಯದು ಮುಗಿಸಿದಳು. ನಮ್ಮೂರಲ್ಲಿ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಶಹಾಪುರ, ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಇರಬೇಕು. ಸೀಟು ಕಡಿಮೆ. ಅಲ್ಲಿಯ ದೊಡ್ಡ ಮಾಸ್ತರರು ಒಬ್ಬೊಬ್ಬರನ್ನೇ ಕರೆದು ಇಂಗ್ಲಿಷಿನಲ್ಲಿ ಮಾತಾಡಿಸಿ ಆರಿಸಿಕೊಳ್ಳುತ್ತಿದ್ದರು. ಅಪ್ಪ ಒಂದೇ ಮಾತು ಹೇಳಿದ: "ಅವರು ಹ್ಞೂ ಅಂದ್ರ ಸಾಲಿ, ಉಹುಂ ಅಂದ್ರ ಹೊಲ." ಅಕ್ಕ ಅವತ್ತು ರಾತ್ರಿ ರೊಟ್ಟಿ ಮುಟ್ಟಲಿಲ್ಲ.

ಹೋಗುವ ದಿನ ನಾನೂ ಹಟ ಮಾಡಿ ಗಾಡಿ ಹತ್ತಿದೆ. ಶಹಾಪುರದಲ್ಲಿ ಬಸ್ಸು ನೋಡಬಹುದು, ಮಿರ್ಚಿ ಭಜಿ ಸಿಗಬಹುದು ಎಂಬುದೇ ನನ್ನ ಆಸೆ. ಹಿಂದಿನ ದಿನ ಮೊದಲ ಮಳೆ ಬಿದ್ದಿತ್ತು. ಎರೆಮಣ್ಣಿನ ಆ ವಾಸನೆ! ಗಾಲಿಗೆ ಕರಿಮಣ್ಣು ಹೋಳಿಗೆ ದಪ್ಪ ಮೆತ್ತಿಕೊಳ್ಳುತ್ತಿತ್ತು. ಸುಗ್ಗಿಯಲ್ಲಿ ಹೋದ ಹತ್ತಿ ಗಾಡಿಗಳಿಂದ ಹಾರಿದ ಎಳೆಗಳು ದಾರಿಯುದ್ದಕ್ಕೂ ಜಾಲಿ ಮುಳ್ಳಿಗೆ ಸಿಕ್ಕು ಇನ್ನೂ ತೂಗುತ್ತಿದ್ದವು. ದೂರದಲ್ಲಿ ಶಹಾಪುರದ ಗುಡ್ಡ ಮಲಗಿದ ಮನುಷ್ಯನ ಹಾಗೆ ಆಕಾಶ ನೋಡುತ್ತಿತ್ತು. ಅಕ್ಕ ಟ್ರಂಕಿನ ಮೇಲೆ ಕೂತು ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದಳು. ಸಡನ್ಲಿ, ಒಮ್ಮೆಲೇ. ರಿಯಲಿ, ಖರೇನ. ಗಾಡಿ ಅಲುಗಿದಾಗಲೆಲ್ಲ ಮಾತೂ ಎರಡು ತುಂಡಾಗುತ್ತಿತ್ತು. "ಸಡನ್..." ಧಡಕ್! "...ಲಿ!"

ಶಾಲೆ ಕಲ್ಲಿನ ಕಟ್ಟಡ. ದೊಡ್ಡ ಮಾಸ್ತರರ ಕೋಣೆಯಲ್ಲಿ ಸುಣ್ಣದ, ಮಸಿಯ ವಾಸನೆ. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ. ನಾನು ಅವನ ಧೋತರದ ಮರೆಯಲ್ಲಿ. ಅಕ್ಕ ಒಬ್ಬಳೇ ಮೇಜಿನ ಮುಂದೆ. ಎಣ್ಣೆ ಹಚ್ಚಿ ಬಿಗಿದ ಜಡೆ, ಅದರ ತುದಿಯ ಕೆಂಪು ರಿಬ್ಬನ್ನು ಗಡಗಡ ನಡುಗುತ್ತಿತ್ತು.

ಮಾಸ್ತರರು ಕೇಳಿದ್ದಕ್ಕೆಲ್ಲ ಅಕ್ಕ ಪಟಪಟ ಹೇಳಿದಳು. ಹಗೂರಕ ಅಂದರೆ ಸ್ಲೋಲಿ. ಲಗೂನ ಅಂದರೆ ಕ್ವಿಕ್ಲಿ. ಮಾಸ್ತರರು ಕನ್ನಡಕ ಮೇಲೇರಿಸಿ ಬಾಗಿಲ ಕಡೆ ನೋಡಿದರು.

"ಶಾಬಾಸ್. ಈಗ ಒಂದು ಪೂರಾ ವಾಕ್ಯ. ನಮ್ಮಪ್ಪ ಕಷ್ಟಪಟ್ಟು ದುಡಿತಾನ. ಇಂಗ್ಲಿಷಿನ್ಯಾಗ ಹೇಳು."

ಅಕ್ಕನ ಮುಖ ಅರಳಿತು. ಗಟ್ಟಿಯಾಗಿ, ಹೊರಗಿನ ಎತ್ತುಗಳಿಗೂ ಕೇಳುವ ಹಾಗೆ ಹೇಳಿದಳು: "ಮೈ ಫಾದರ್ ವರ್ಕ್ಸ್ ಹಾರ್ಡ್ಲಿ!"

ಪಕ್ಕದಲ್ಲಿ ಬರೆಯುತ್ತಿದ್ದ ಗುಮಾಸ್ತರು ಕಿಸಕ್ಕನೆ ನಕ್ಕರು. ಮಾಸ್ತರರಿಗೂ ನಗು ತಡೆಯಲಾಗಲಿಲ್ಲ. "ಅರೆ ತಂಗಿ, ನಿಮ್ಮಪ್ಪನ್ನ ಮೈಗಳ್ಳ ಮಾಡಿಬಿಟ್ಟ್ಯಲ್ಲ!"

ಅಕ್ಕ ಕಕ್ಕಾಬಿಕ್ಕಿಯಾದಳು. ಮಾಸ್ತರರು ತಿಳಿಸಿ ಹೇಳಿದರು: "ಈ ಹಾರ್ಡ್ ಅನ್ನೋದು ಹಟಮಾರಿ ಅದ. ಬಾಲ ಇಲ್ಲದನ ಅದರ ಅರ್ಥ ಕಷ್ಟಪಟ್ಟು ಅಂತ. ಬಾಲ ಹಚ್ಚಿದಿ ಅಂದ್ರ ಉಲ್ಟಾ ತಿರಗತದ. ಹಾರ್ಡ್ಲಿ ಅಂದ್ರ ಮಾಡಿದ್ರ ಮಾಡ್ದ, ಇಲ್ಲಾಂದ್ರ ಇಲ್ಲ. ಹೆಚ್ಚುಕಡಿಮಿ ಏನೂ ಮಾಡಂಗಿಲ್ಲ ಅಂತ."

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಸೀಟು ಹೋಯಿತು ಅಂತ ಅಳುತ್ತಾಳೆ ಅಂದುಕೊಂಡೆ. ಅದಲ್ಲ.

"ಸ್ಲೋಗೆ ಹಚ್ಚಿದ್ರ ನಡಿತದ, ಕ್ವಿಕ್‌ಗೆ ಹಚ್ಚಿದ್ರ ನಡಿತದ, ಹಾರ್ಡಿಗೆ ಯಾಕ ನಡಿಯಂಗಿಲ್ರಿ ಸರ? ನಮ್ಮಪ್ಪ ನಸಿಕಿನ್ಯಾಗ ಏಳ್ತಾನ್ರಿ. ಹೊಲಾನೂ ಅವನ ಮಾಡ್ತಾನ್ರಿ, ಗಾಡಿನೂ ಅವನ ಹೊಡಿತಾನ್ರಿ. ನಮ್ಮಪ್ಪನ ಕೈ ನೋಡ್ರಿ ಬೇಕಾದ್ರ!" ಮೂಗು ಒರೆಸಿಕೊಂಡಳು. "ಸೀಟು ಕೊಡಲಿಲ್ಲಂದ್ರ ಬ್ಯಾಡ್ರಿ, ಹೊಲಕ್ಕ ಹೋಗ್ತೀನಿ. ಆದ್ರ ನಮ್ಮಪ್ಪನ ಮ್ಯಾಲಿನ ಆ ಮಾತ ತಗೀರಿ."

ಗುಮಾಸ್ತರ ಲೇಖನಿ ನಿಂತಿತು. ಅಪ್ಪನಿಗೆ ಬಾಲದ ಲೆಕ್ಕ ಪೂರ್ತಿ ತಿಳಿಯದಿದ್ದರೂ ತನ್ನ ಕೈಯ ಮಾತು ಬಂತೆಂದು ಎರಡೂ ಅಂಗೈಗಳನ್ನು ನಾಚಿಕೊಂಡು ಬೆನ್ನ ಹಿಂದೆ ಇಟ್ಟುಕೊಂಡ. ನಾನು ಹಿಂದೆಯೇ ಇದ್ದೆನಲ್ಲ, ಆ ಕೈಗಳು ನನ್ನ ಮುಖದ ಮುಂದೆಯೇ ಇದ್ದವು. ಹಗ್ಗದ ಗೀರು, ಬಿರುಕಿನಲ್ಲಿ ಕರಿಮಣ್ಣು.

ಮಾಸ್ತರರು ಮೆಲ್ಲನೆ ಹೇಳಿದರು: "ನಾ ಹ್ಯಾಂಗ ತಗೀಲವ್ವ? ಹಾಕಿದಾಕಿ ನೀ. ನೀನ ತಗಿ."

ಅಕ್ಕ ಉಸಿರು ಎಳೆದುಕೊಂಡಳು. "ಮೈ ಫಾದರ್ ವರ್ಕ್ಸ್ ಹಾರ್ಡ್." ಅಲ್ಲಿಗೆ ನಿಲ್ಲಿಸಿದಳು. ಅದು ಸಾಲದೆನಿಸಿತೇನೋ, ಜೋರಾಗಿ ಇನ್ನೊಂದು ಸೇರಿಸಿದಳು: "ಡೈಲಿ!"

ಮಾಸ್ತರರು ಎದ್ದೇ ನಿಂತರು ಮಕ್ಕಳೇ! "ಬರ್ಕೋರಿ ಈಕಿ ಹೆಸರ," ಅಂದರು ಗುಮಾಸ್ತರಿಗೆ. "ಬಾಲ ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು, ಎರಡೂ ಕಲ್ತಾಳ."

ಹೊರಗೆ ಬಂದ ಮೇಲೆ ಅಪ್ಪ ಕೇಳಿದ, "ಮೈಗಳ್ಳ ಅಂದದ್ದು ಕೇಳಸ್ತು. ಒಳಗ ನನಗ ಏನಂದ್ಯವ್ವ? ಎಲ್ಲಾರೂ ಯಾಕ ನಕ್ಕರು?" ಅಕ್ಕ ತಲೆ ತಗ್ಗಿಸಿ ಎಲ್ಲ ಹೇಳಿದಳು. ಅಪ್ಪ ಮೊದಲು ಕಣ್ಣು ಪಿಳಿಪಿಳಿ ಮಾಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಹೋಗ್ಲಿ ಬಿಡ! ಹುಟ್ಟಿದಾಗಿಂದ ಇಂಗ್ಲಿಷಿನ್ಯಾಗರ ಒಮ್ಮಿ ಸುಮ್ಮ ಕುಂತೆನಲ್ಲ!" ಅಕ್ಕ ಅಳುತ್ತಲೇ ನಕ್ಕಳು. ಅಪ್ಪ ಇಬ್ಬರಿಗೂ ಮಿರ್ಚಿ ಭಜಿ ಕೊಡಿಸಿದ. ಆ ಖಾರಕ್ಕೆ ಅಪ್ಪನ ಕಣ್ಣಲ್ಲೂ ನೀರು ಬಂತು. ಖಾರಕ್ಕೇ ಅಂತ ಅವನೇ ಹೇಳಿದ.

ಟ್ರಂಕನ್ನು ಹಾಸ್ಟೆಲ್ಲಿನಲ್ಲಿ ಇಳಿಸಿ ನಾವಿಬ್ಬರೇ ತಿರುಗಿದೆವು. ಮನೆಯ ಕಡೆ ಅಂದರೆ ಎತ್ತುಗಳಿಗೆ ಕಾಲು ಬರುತ್ತಿತ್ತು, ಓಡುತ್ತಿದ್ದವು. ಅವತ್ತು ಅಪ್ಪ ಹಗ್ಗ ಜಗ್ಗಿ ಹಿಡಿದೇ ಇದ್ದ. ಗಾಡಿ ಖಾಲಿ, ಆದರೂ ಹಗೂರಕ, ಬಹಳ ಹಗೂರಕ ಬಂದೆವು. ಗುಡ್ಡ ಮರೆಯಾಗುವ ತನಕ ಅಪ್ಪ ತಿರುಗಿ ತಿರುಗಿ ಶಹಾಪುರದ ಕಡೆ ನೋಡಿದ.

ಈಗ ಸುರಪುರದಿಂದ ನನ್ನ ಮೊಮ್ಮಗಳು ಫೋನು ಮಾಡುತ್ತಾಳೆ. "ಮುತ್ಯಾ, ಫೈನಲಿ ಸೂಟಿ ಕೊಟ್ಟಾರ, ನಾಳಿ ಬರಾಕತ್ತೀವಿ!" ನನಗೆ ಹಿಗ್ಗೋ ಹಿಗ್ಗು, ಆಗಲೇ ಅಂಗಳ ಗುಡಿಸಲು ಶುರು. ಬಂದ ಮೇಲೆ ಮನೆ ತುಂಬ ಮೊಮ್ಮಕ್ಕಳದೇ ಗಲಾಟೆ. ಒಬ್ಬ "ಆ್ಯಕ್ಚುಲಿ ನಾ ಉಂಡೇನಿ" ಅಂತಾನೆ, ಇನ್ನೊಬ್ಬಳು "ಸೀರಿಯಸ್ಲಿ?" ಅಂತಾಳೆ. ನಮ್ಮ ಕಾಲದಲ್ಲಿ ಇಂಗ್ಲಿಷು ಎತ್ತಿನ ಗಾಡಿಯಲ್ಲಿ ಒಂದೊಂದೇ ಮಾತಾಗಿ ಬರುತ್ತಿತ್ತು. ನಿಮಗೆ ಜೋಳದ ಅಳ್ಳಿನ ಹಾಗೆ ಪಟಪಟ ಸಿಡಿಯುತ್ತದೆ. ತಪ್ಪಾದರೆ ಫೋನೇ ಕೆಳಗೆ ಕೆಂಪು ಗೆರೆ ಎಳೆದು ತಿದ್ದುತ್ತದಂತೆ. ಯಾರೂ ನಗುವುದಿಲ್ಲ, ಯಾರಿಗೂ ಅಳು ಬರುವುದಿಲ್ಲ. ಒಳ್ಳೆಯದೇ ಆಯಿತು.

ಆದರೂ ಮಕ್ಕಳೇ, ನಿಮ್ಮ ಅಪ್ಪ ಅವ್ವನ ಬಗ್ಗೆ ಒಂದು ವಾಕ್ಯ ಹೇಳುವಾಗ ಮಾತ್ರ ಆ ಫೋನನ್ನು ಆಚೆ ಇಡಿ. ನೀವೇ ಹೇಳಿ, ಅವರಿಗೆ ಕೇಳುವ ಹಾಗೆ, ಗಟ್ಟಿಯಾಗಿ. ತಪ್ಪಾದರೆ ಆಗಲಿ, ಅವರಿಗೆ ಅರ್ಥವಾಗುತ್ತದೆ.